ಮನೆಗಾಡಿಗೆ ಟಿವಿ ಕೂರಿಸಿದ ಪಾತಲಿಂಗ

ಹತ್ತಿರ ಬನ್ನಿ, ಇನ್ನೂ ಹತ್ತಿರ. ಹೂಂಗುಟ್ಟೋರು ಮುಂದೆ ಕೂತ್ಕೊಳ್ಳಿ, ಆಕಳಿಸೋರು ಗೋಡೆ ಕಡೆ ಹೋಗಿ. ನೀವು ಹೂಂ ಅಂದರೆ ನನ್ನ ಕತೆ ಓಡುತ್ತೆ. ಹೂಂ ಅನ್ನದಿದ್ದರೆ ನಟ್ಟನಡು ದಾರೀಲಿ ಕೆಟ್ಟು ನಿಲ್ಲುತ್ತೆ, ಆಮೇಲೆ ಇಳಿದು ತಳ್ಳೋರು ನೀವೇ.

ಶಿರಾ ದಾಟಿದ ಮೇಲೆ ಹೆದ್ದಾರಿ ಪಕ್ಕ ಒಂದು ಹಟ್ಟಿ. ಆ ಹಟ್ಟೀಲಿ ಸಣ್ಣೀರಮ್ಮ ಅಂತ ಒಬ್ಬ ತಾಯಿ. ಅವಳಿಗೆ ಒಬ್ಬನೇ ಮಗ, ಪಾತಲಿಂಗ. ವಯಸ್ಸು ಇಪ್ಪತ್ತೆಂಟು, ಮೀಸೆ ಕುಡುಗೋಲಿನ ಹಾಗೆ, ತೋಳು ಒನಕೆ ಗಾತ್ರ. ಬುದ್ಧಿ? ಬುದ್ಧೀನೂ ಇತ್ತು. ಆದರೆ ಹೇಳಿದವರ ಬಾಯಲ್ಲಿ ಎಷ್ಟಿತ್ತೋ ಅಷ್ಟೇ ಇತ್ತು. ಹೇಳಿದ್ದನ್ನ ಹೇಳಿದ ಹಾಗೇ ಮಾಡ್ತಿದ್ದ. ಒಂದು ಎಳ್ಳು ಹೆಚ್ಚಿಲ್ಲ, ಒಂದು ಎಳ್ಳು ಕಮ್ಮಿ ಇಲ್ಲ.

ಹೋಟೆಲಿಗೆ ಸೇರಿಸಿದಳು. "ಉಂಡೋರ ಎಲೆ ಎತ್ತೋ" ಅಂದರು. ಎತ್ತಿದ. ಎತ್ತಿ ತಲೆ ಮೇಲೆ ಹಿಡಿದುಕೊಂಡು ನಿಂತ. ಇಳಿಸು ಅಂತ ಯಾರೂ ಹೇಳಿರಲಿಲ್ಲವಲ್ಲ! ಹೋಟೆಲಿನವರು ಓಡಿಸಿದರು. ಪೇಟೇಲಾದರೂ ಬದುಕಲಿ ಅಂತ ಬಸ್ಸು ಹತ್ತಿಸಿದಳು. ಕಂಡಕ್ಟರು "ಮುಂದೆ ಹೋಗಿ, ಮುಂದೆ ಹೋಗಿ" ಅಂದ. ಪಾತಲಿಂಗ ಮುಂದೆ ಹೋದ. ಡ್ರೈವರ್ ಪಕ್ಕಕ್ಕೆ ಹೋದ. ಮುಂದಿನ ಬಾಗಿಲಲ್ಲಿ ಇಳಿದು ಇನ್ನೂ ಮುಂದೆ ಹೋದ. ಬಸ್ಸು ಹಿಂದೆ, ಇವನು ಮುಂದೆ! ಹಾಗೇ ನಡೆದು ನಡೆದು ಮನೆಗೇ ಬಂದ.

ಸಣ್ಣೀರಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ ಕರ್ಮವೇ! ನಾನಿರೋಗಂಟ ನಾನ್ ಹೇಳ್ತೀನಿ, ಇವನ್ ಮಾಡ್ತಾನೆ. ನಾನ್ ಸತ್ ಮ್ಯಾಲೆ ಇವನಿಗೆ ಹೇಳೋರು ಯಾರಪ್ಪಾ?" ಅಂತ ಕಣ್ಣೀರು ಹಾಕಿದಳು. ಕರಿಯಮ್ಮನಿಗೆ ಹರಕೆ ಹೊತ್ತಳು. ನನ್ನ ಮಗ ಒಂದು ಕಡೆ ನಿಂತರೆ ನಿನಗೆ ಜೋಡಿ ಬೆಳ್ಳಿ ಕಣ್ಣು ಇಡಿಸ್ತೀನಿ ತಾಯೀ ಅಂತ ಹೇಳಿ, ಕಣ್ಣೂ ತಂದು ಗಡಿಗೇಲಿ ಇಟ್ಟುಕೊಂಡಳು.

ಹಟ್ಟಿ ಎದುರಿಗೇ ದಸ್ತಗೀರ್ ಸಾಬರ ಶೆಡ್ಡು. ಲಾರಿಗೆ, ಬಸ್ಸಿಗೆ ಬಾಡಿ ಕಟ್ಟೋ ಕೆಲಸ. ಒಂದು ದಿನ ಆ ಶೆಡ್ಡಿಗೆ ಒಂದು ಬಸ್ಸು ಬಂತು. ಬಸ್ಸು ತಂದವರು ಸುಗುಣಾವತಿ ಮೇಡಮ್ಮು. ಮೂವತ್ತೈದು ವರ್ಷ ಹೈಸ್ಕೂಲಲ್ಲಿ ಭೂಗೋಳ ಹೇಳಿಕೊಟ್ಟು ನಿವೃತ್ತಿ ಆದವರು. ನಕ್ಷೆ ಮೇಲೆ ಕೋಲಿಟ್ಟು ಗಂಗೆ ತೋರಿಸಿದ್ದರು, ಗಂಗೇನ ಕಂಡಿರಲಿಲ್ಲ. ಹಿಮಾಲಯ ತೋರಿಸಿದ್ದರು, ಹಿಮ ಮುಟ್ಟಿರಲಿಲ್ಲ. "ಈ ಬಸ್ಸನ್ನೇ ಮನೆ ಮಾಡಿಕೊಡಿ ಸಾಬ್ರೇ. ದೇಶ ನೋಡಿಕೊಂಡು ಬರ್ತೀನಿ. ಆದರೆ ಒಳಗೆ ಒಂದು ಟಿವಿ ಬೇಕು. ಕಾಶಿ ಬಿಟ್ಟರೂ ಬಿಟ್ಟೇನು, ಏಳೂವರೆ ಧಾರಾವಾಹಿ ಬಿಡಲಾರೆ" ಅಂದರು.

ಮೂರು ತಿಂಗಳಲ್ಲಿ ಬಸ್ಸು ಮನೆ ಆಯ್ತು. ಸಣ್ಣೀರಮ್ಮ ನೋಡೋಕೆ ಹೋದಳು. ಹೋದವಳು ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಒಳಗೆ ಮಂಚ! ಒಳಗೆ ಒಲೆ! ನಲ್ಲಿ ತಿರುಗಿಸಿದರೆ ನೀರು! ಒಂದು ಬಾಗಿಲು ತೆಗೆದರೆ ಬಚ್ಚಲು! ಚಪ್ಪಲಿ ಕೆಳಗೆ ಬಿಟ್ಟು, ದೇವಸ್ಥಾನಕ್ಕೆ ಹೋದ ಹಾಗೆ ಬಲಗಾಲಿಟ್ಟು ಒಳಗೆ ಹೋದಳು. "ಅಲ್ಲ ಸಾಬ್ರೇ, ಮನೆ ಮುಂದೆ ಗಾಡಿ ನಿಲ್ಸೋರ್ನ ನೋಡಿದ್ದೆ. ಮನೇನೇ ಗಾಡಿ ಮ್ಯಾಲೆ ಕುಂತಿರೋದು ಈಗ್ಲೇ ನೋಡಿದ್ದು. ಇದನ್ನ ಓಡ್ಸೋರ್ಯಾರು?"

"ಮೇಡಮ್ಮೋರೇ ಓಡಿಸ್ತಾರೆ ಅಕ್ಕಾ."

ಹೆಂಗಸು! ಬಸ್ಸು! ಸಣ್ಣೀರಮ್ಮ ಬಾಯಿ ಮೇಲೆ ಬೆರಳಿಟ್ಟಳು. ಆ ಬೆರಗಿನಲ್ಲೇ ಅವಳಿಗೆ ಧೈರ್ಯವೂ ಬಂತು. "ಸಾಬ್ರೇ, ಇಂಥಾದ್ದೆಲ್ಲ ಆಗೋ ಕಾಲದಾಗೆ ನನ್ ಮಗನಿಗೊಂದು ಕೆಲಸ ಆಗಲ್ವಾ?" ಅಂದಳು.

ಸಾಬರು ಗಡ್ಡ ಕೆರೆದುಕೊಂಡರು. "ನೋಡಕ್ಕಾ, ಮೇಡಮ್ಮೋರಿಗೆ ಗಾಡಿ ಜೊತೆ ಹೋಗೋ ಒಬ್ಬ ಗಟ್ಟಿ ಆಳು ಬೇಕು. ಮಾಡೋಕೆ ಉಳಿದಿರೋದು ಟಿವಿ ಒಂದೇ. ನಿನ್ ಮಗ ಅದನ್ನ ಮಾಡ್ಲಿ. ಶನಿವಾರ ಗಾಡಿ ಓಡಿಸಿ ನೋಡ್ತೀವಿ. ಟಿವಿ ನಿಂತ್ರೆ ಇವನೂ ನಿಂತ. ಟಿವಿ ಬಿದ್ರೆ ಇವನೂ ಬಿದ್ದ. ಆಯ್ತಾ?"

"ಆಯ್ತು ಸಾಬ್ರೇ!" ಅಂದಳು ಸಣ್ಣೀರಮ್ಮ. ಅವತ್ತಿನಿಂದ ಅವಳ ಜೀವ ಟಿವಿ ಒಳಗೆ ಹೋಗಿ ಕೂತಿತು.

ಬುಧವಾರ ಬೆಳಿಗ್ಗೆ ಟಿವಿ ಬಂತು. ಚಪ್ಪಟೆ ಟಿವಿ, ಚಾಪೆ ಅಗಲ, ಕಾಡಿಗೆ ಕಪ್ಪು, ಕುರಿಮರಿ ಭಾರ. ಸಾಬರು ಹೇಳಿದರು: "ಪಾತಲಿಂಗ, ಒಳಗೆ ತಗೊಂಡೋಗಿ ಟಿವಿ ಕೂರಿಸು. ಹುಷಾರು!"

"ಕೂರಿಸ್ತೀನಿ. ಹುಷಾರಾಗಿ ಕೂರಿಸ್ತೀನಿ" ಅಂತ ಹೇಳಿಕೊಳ್ಳುತ್ತಾ ಪಾತಲಿಂಗ ಒಳಗೆ ಹೋದ.

ಮಧ್ಯಾಹ್ನ ಸಣ್ಣೀರಮ್ಮ ಬುತ್ತಿ ತಂದಳು. ಮುಂದಿನ ಸೀಟಿನಲ್ಲಿ, ಕಿಟಕಿ ಪಕ್ಕ ಯಾರೋ ಕೂತಿದ್ದಾರೆ. ಬೆನ್ನಿಗೆ ದಿಂಬು, ಸೊಂಟಕ್ಕೆ ಬೆಲ್ಟು, ತಲೆಗೆ ಟವೆಲ್ಲು.

"ಯಾರ್ಲಾ ಅದು?"

"ಟಿವಿ ಕಣವ್ವ. ಸಾಬ್ರು ಕೂರ್ಸು ಅಂದ್ರು, ಕೂರ್ಸಿದೀನಿ."

"ಕಿಟ್ಕಿ ಪಕ್ಕ ಯಾಕ್ಲಾ?"

"ಊರು ನೋಡ್ಕಂಡ್ ಬರ್ಲಿ ಅಂತ."

ಸಾಬರು ಬಂದರು, ನೋಡಿದರು, ತಲೆ ಮೇಲೆ ಕೈ ಹೊತ್ತರು. "ಲೇ ಬೆಪ್ಪೇ! ಟಿವಿ ಏನು ನಿನ್ನ ಸೋದರಮಾವನಾ, ಸೀಟಲ್ಲಿ ಕೂರೋಕೆ? ಕೂರಿಸೋದು ಅಂದ್ರೆ ಗೋಡೆಗೆ ಬಿಗಿಯೋದು ಕಣೋ! ಈ ಗೋಡೆ ನಿಮ್ಮನೆ ಗೋಡೆಯಲ್ಲ. ಮೇಲೆ ತೆಳ್ಳನೆ ಹಲಗೆ, ಒಳಗೆಲ್ಲ ಪೊಳ್ಳು. ಅಲ್ಲೊಂದು ಇಲ್ಲೊಂದು ಕಬ್ಬಿಣದ ಕಂಬ ಐತೆ. ಅದಕ್ಕೇ, ಗೋಡೆ ತಟ್ಟು, ಕೇಳು. ಗಟ್ಟಿ ಅಂದ ಕಡೆ ತೂತು ಹೊಡಿ."

"ತಟ್ತೀನಿ, ಕೇಳ್ತೀನಿ, ಹೊಡೀತೀನಿ" ಅಂದ ಪಾತಲಿಂಗ.

ತಟ್ಟಿದ. ಕೇಳಿದ. "ಗೋಡೆಯಪ್ಪಾ, ಗಟ್ಟಿ ಇದ್ದೀಯಾ?"

ಗೋಡೆ ಸುಮ್ಮನಿತ್ತು. ಒಂದು ಮಾರು ಸರಿದು ತಟ್ಟಿದ. "ಗೋಡೆಯಪ್ಪಾ, ಗಟ್ಟಿ ಇದ್ದೀಯಾ?" ಅಲ್ಲೂ ಸುಮ್ಮನಿತ್ತು. ಇನ್ನೊಂದು ಮಾರು ಸರಿದ. ಅಲ್ಲಿ ಗೋಡೆ ಆಚೆ ಕಡೆ, ಏಣಿ ಮೇಲೆ ನಿಂತುಕೊಂಡು ಬೋರಯ್ಯ ಅನ್ನೋ ಮುದುಕ ಪೇಂಟರು ಗಾಡಿಗೆ ನೀಲಿ ಪಟ್ಟೆ ಎಳೀತಿದ್ದ. ಯಾರೋ ತಟ್ಟಿದರು, ಯಾರೋ ಕ್ಷೇಮ ವಿಚಾರಿಸಿದರು. ಬೋರಯ್ಯನಿಗೆ ಖುಷಿ ಆಯ್ತು.

"ಹೂಂ ಕಣಪ್ಪಾ, ಗಟ್ಟಿಯಾಗಿವ್ನಿ. ಮೊಣಕಾಲೊಂದು ನೋವು."

ಪಾತಲಿಂಗನ ಮೈ ಜುಮ್ಮೆಂದಿತು. ಗೋಡೆ ಮಾತಾಡ್ತು! ಟವೆಲ್ಲು ಹೆಗಲಿಂದ ತೆಗೆದು ಸೊಂಟಕ್ಕೆ ಸುತ್ತಿಕೊಂಡ, ಕೈ ಮುಗಿದ. "ಮೊಣಕಾಲ ತಾವ ಹೋಗಲ್ಲ ಬುಡು ಸ್ವಾಮಿ. ಎದೆ ಮಟ್ಟಕ್ಕೆ ಹೊಡ್ಕಳ್ಲಾ?"

"ಎಲ್ಲಾರ ಹೊಡ್ಕಳಪ್ಪಾ, ನನಗೇನು!" ಅಂದ ಬೋರಯ್ಯ.

ಗಿರ್ರ್ ಅಂತ ಡ್ರಿಲ್ಲು ಹಾಯಿತು. ಹಲಗೆ ಹಾಯಿತು, ಪೊಳ್ಳು ಹಾಯಿತು, ಹೊರಗಿನ ತಗಡೂ ಹಾಯಿತು. ಬೋರಯ್ಯನ ಕಿವಿ ಪಕ್ಕ ಡ್ರಿಲ್ಲಿನ ಮೂತಿ ಹೊರಗೆ ಬಂತು. "ಸತ್ನಲ್ಲಪ್ಪೋ!" ಅಂತ ಬೋರಯ್ಯ ಏಣಿಯಿಂದ ಜಾರಿದ. ನೀಲಿ ಪಟ್ಟೆ ಕಿಟಕಿಯಿಂದ ಶುರುವಾಗಿ ಚಕ್ರದ ತನಕ ಇಳೀತು.

"ನೀನೇ ಅಲ್ವಾ ಹೊಡ್ಕೋ ಅಂದಿದ್ದು!" ಅಂತ ಒಳಗಿನಿಂದ ಪಾತಲಿಂಗ ಕೂಗಿದ. ಗೋಡೆ ಮಾತಿಗೆ ತಪ್ಪಿತಲ್ಲ ಅಂತ ಅವನಿಗೆ ನಿಜವಾಗಲೂ ಬೇಜಾರಾಯ್ತು.

ಸಾಬರು ಓಡಿ ಬಂದರು. "ಹಾಳಾದೋನೇ! ಕೇಳು ಅಂದ್ರೆ ಕಿವೀಲಿ ಕೇಳೋದು ಕಣೋ, ಬಾಯಲ್ಲಲ್ಲ!" ತಾವೇ ಬೆರಳ ಗೆಣ್ಣಿನಿಂದ ತಟ್ಟಿದರು. ಡಬ್ ಡಬ್ ಅಂತಿದ್ದ ಗೋಡೆ ಒಂದು ಕಡೆ ಟಣ್ ಅಂತು. ಅಲ್ಲಿ ತೂತು ಹೊಡೆದರು. ಬೋರಯ್ಯನ ತೂತನ್ನ ಮುಚ್ಚಿದರು. ಆಮೇಲೆ ಟಿವಿ ಹೊರೋ ಕಬ್ಬಿಣದ ಪಟ್ಟಿ ಕೈಗೆ ಕೊಟ್ಟು ಹೇಳಿದರು: "ಈ ಪಟ್ಟಿ ಸೊಟ್ಟ ಆದ್ರೆ ಟಿವೀಲಿ ಬರೋರೆಲ್ಲ ಕುಡಿದೋರ ಥರ ವಾಲ್ತಾರೆ. ರಸಮಟ್ಟ ಇಟ್ಟು ನೋಡು. ನಡುಮಧ್ಯ ನಿಂತ್ರೆ ಸರಿ, ಆವಾಗ ಬಿಗಿ. ತಿಳೀತಾ?"

ರಸಮಟ್ಟ ಅಂದರೆ ಗೊತ್ತಲ್ಲ, ಗಾರೆ ಕೆಲಸದವರ ಹತ್ತಿರ ಇರುತ್ತೆ. ಒಂದು ಪಟ್ಟಿ, ಅದರೊಳಗೆ ಗಾಜಿನ ಕೊಳವೆ, ಕೊಳವೇಲಿ ಓಡಾಡೋ ಗುಳ್ಳೆ. ನಿಮಗೆ ಗೊತ್ತು, ನನಗೆ ಗೊತ್ತು. ಪಾತಲಿಂಗನಿಗೆ ಗೊತ್ತಿದ್ದ ರಸ ಬೇರೆ.

ರಸ್ತೆ ದಾಟಿ ಮನೆಗೆ ಓಡಿದ. "ಅವ್ವಾ, ರಸ ಕೊಡು! ಬಿರ್ರನೆ ಕೊಡು!"

"ಯಾವ ರಸವ್ಲಾ?"

"ಸಾಬ್ರು ನೋಡೋಕೆ ಇಡು ಅಂದವ್ರೆ."

ಪಾಪ, ಸಾಬರು ಹಸಿದಿದ್ದಾರೆ ಅಂದುಕೊಂಡಳು ಸಣ್ಣೀರಮ್ಮ. ಅವರೆಕಾಳು ಸಾರಿನ ತಿಳಿಯನ್ನ ಒಂದು ಬೋಗುಣಿ ತುಂಬ ಬಸಿದು, ಮೇಲೊಂದು ಒಗ್ಗರಣೆ ಹಾಕಿ ಕೊಟ್ಟಳು. ಮಗ ಚೆಲ್ಲಿಯಾನು ಅಂತ ಹಿಂದೆಯೇ ಬಂದಳು.

ಪಾತಲಿಂಗ ಪಟ್ಟೀನ ಗೋಡೆಗೆ ಹಿಡಿದ. ಪಟ್ಟಿ ಮೇಲೆ ಬೋಗುಣಿ ಇಟ್ಟ. ಸಾರು ಎಡಕ್ಕೆ ಬಂತು. ಎಡಗಡೆ ಒಂದು ನೂಲು ಎತ್ತಿದ. ಬಲಕ್ಕೆ ಬಂತು. ಬಲಗಡೆ ಅರ್ಧ ನೂಲು ಎತ್ತಿದ. ಉಸಿರು ಬಿಗಿ ಹಿಡಿದು, ಕಣ್ಣು ಮಿಟುಕಿಸದೆ, ಎತ್ತಿದ, ಇಳಿಸಿದ, ಎತ್ತಿದ, ಇಳಿಸಿದ. ಕೊನೆಗೆ ಸಾರು ಬೋಗುಣಿಯ ಅಂಚಿಗೆ ಸುತ್ತಲೂ ಸಮಸಮನಾಗಿ ನಿಂತಿತು. ಒಗ್ಗರಣೆಯ ಕರಿಬೇವಿನ ಎಲೆ ತೇಲಿಕೊಂಡು ಬಂದು ನಡುಮಧ್ಯ ನಿಂತಿತು. ಪಟ್ಟಿ ಬಿಗಿದ.

"ಏನೋ ಇದು ಗಾಡಿ ತುಂಬ ಇಂಗಿನ ವಾಸನೆ?" ಅಂತ ಸಾಬರು ಬಂದರು. ನೋಡಿದರು. ಬೈಯೋಕೆ ಬಾಯಿ ತೆಗೆದರು. ತೆಗೆದ ಬಾಯಿ ಹಾಗೇ ಇಟ್ಟುಕೊಂಡು ತಮ್ಮ ರಸಮಟ್ಟ ತಂದು ಪಟ್ಟಿ ಮೇಲಿಟ್ಟರು. ಗುಳ್ಳೆ ಓಡಲಿಲ್ಲ, ಅಲುಗಲಿಲ್ಲ, ಎರಡು ಗೆರೆಯ ನಡುವೆ ಮೊಳೆ ಹೊಡೆದ ಹಾಗೆ ಕೂತಿತು. ಇನ್ನೊಂದು ರಸಮಟ್ಟ ತಂದು ಇಟ್ಟರು. ಅದೂ ಹಾಗೇ ಕೂತಿತು.

"ಯಾ ಅಲ್ಲಾ!" ಅಂದರು ಸಾಬರು. ನಲವತ್ತು ವರ್ಷದಿಂದ ಬಾಡಿ ಕಟ್ಟಿದ ಕೈ ಅದು. ಇಂಥಾ ಮಟ್ಟ ಅವರಿಗೂ ಒಂದೇ ಸಲಕ್ಕೆ ಬಂದಿರಲಿಲ್ಲ. ಸಣ್ಣೀರಮ್ಮನೂ ಕರಿಬೇವಿನ ಎಲೇನೇ ನೋಡುತ್ತಾ ನಿಂತಳು. ತಾನು ಮಾಡಿದ ಸಾರಿಗೆ ಇಷ್ಟು ಕೆಲಸ ಬರುತ್ತೆ ಅಂತ ಅವಳಿಗೂ ತಿಳಿದಿರಲಿಲ್ಲ.

ಆದರೂ ಯಜಮಾನ ಅಂದಮೇಲೆ ಬೈಯಲೇಬೇಕಲ್ಲ. "ಹಲಗೆ ಮೇಲೆ ಒಂದು ತೊಟ್ಟು ಚೆಲ್ಲಿದ್ದೀಯ, ಒರೆಸು!" ಅಂದು, ಆ ಬೋಗುಣಿ ಸಾರನ್ನ ನಿಂತಲ್ಲೇ ಕುಡಿದರು.

ಶುಕ್ರವಾರ ಮಧ್ಯಾಹ್ನ ಇಬ್ಬರೂ ಸೇರಿ ಟಿವಿ ಎತ್ತಿ ಪಟ್ಟಿಯ ಕೊಕ್ಕೆಗೆ ನೇತುಹಾಕಿದರು. ಇನ್ನು ಕೆಳಗೆ ನಾಲ್ಕು ಬೋಲ್ಟು ಬಿಗಿದರೆ ಕೆಲಸ ಮುಗೀತು. ಅಷ್ಟರಲ್ಲಿ ನಮಾಜಿನ ಹೊತ್ತಾಯ್ತು. "ನಾನು ಮಸೀದಿಗೆ ಹೋಗಿ ಬರ್ತೀನಿ. ಹೋಗೋ ಬರೋ ಜನ ಮುಟ್ಟಿಗಿಟ್ಟಾರು. ಟಿವಿ ಮೇಲೆ ಒಂದು ಕಣ್ಣಿಟ್ಟಿರು" ಅಂದು ಸಾಬರು ಹೋದರು.

ಕಣ್ಣು! ಪಾತಲಿಂಗ ಮನೆಗೆ ಓಡಿದ. ಅವ್ವ ಇರಲಿಲ್ಲ, ಗಡಿಗೆ ಇತ್ತು. ಗಡಿಗೇಲಿ ಜೋಡಿ ಬೆಳ್ಳಿ ಕಣ್ಣು ಇತ್ತು. ಒಂದು ಕಣ್ಣು ಅಂದಿದ್ದರು, ಒಂದನ್ನೇ ತಗೊಂಡ. ಶೆಡ್ಡಿನ ಗೋಂದು ಹಚ್ಚಿ ಟಿವಿ ಮೇಲೆ ಇಟ್ಟ. ಆ ಕಾಡಿಗೆ ಕಪ್ಪಿನ ನಡುವೆ ಬೆಳ್ಳಿ ಕಣ್ಣು ಪಳ್ ಅಂತು.

ಮೊದಲು ಬಂದವಳು ಮಜ್ಜಿಗೆ ಮಾರೋ ಹೊನ್ನಕ್ಕ. ಬಾಗಿಲಲ್ಲಿ ಇಣುಕಿದಳು. ಒಳಗೆ ಹೊಸ ಮನೆ, ಹೊಸ ದೀಪ, ಗೋಡೆ ಮೇಲೆ ಕರೀ ಶಿಲೆ, ಶಿಲೆಗೆ ಬೆಳ್ಳಿ ಕಣ್ಣು! ಮಜ್ಜಿಗೆ ಮಡಕೆ ಕೆಳಗಿಟ್ಟಳು. "ಅವ್ವಾ ಕರಿಯಮ್ಮಾ! ಗಾಡಿ ಮಾಡ್ಕಂಡು ಬಂದ್ಬುಟ್ಯಾ ತಾಯೀ!" ಅಂತ ಅಡ್ಡಬಿದ್ದಳು.

ಅಷ್ಟೇ ಸಾಕಾಯ್ತು. ಹಟ್ಟಿಗೆ ಹಟ್ಟಿಯೇ ಬಂತು. ಕಾಯಿ ಬಂತು, ಕರ್ಪೂರ ಬಂತು, ಅರಿಶಿನ ಕುಂಕುಮ ಬಂತು. ಹೆದ್ದಾರೀಲಿ ಹೋಗ್ತಿದ್ದ ಎರಡು ಲಾರಿಯವರು ಇಳಿದು ಬಂದು ಸಾಲಿನಲ್ಲಿ ನಿಂತರು. ಯಾರೂ ಕಿರುಚಲಿಲ್ಲ, ಯಾರೂ ತಳ್ಳಲಿಲ್ಲ. ಮನೆಯೇ ನಡೆದು ಬಂದಿರುವಾಗ ದೇವರು ಬರೋದರಲ್ಲಿ ಆಶ್ಚರ್ಯ ಏನು ಅಂತ ಎಲ್ಲರಿಗೂ ಅನ್ನಿಸಿತ್ತು.

ಸಣ್ಣೀರಮ್ಮನೂ ಸಾಲಿನಲ್ಲಿ ಬಂದಳು. ಕೈ ಮುಗಿದು ತಲೆ ಎತ್ತಿದಳು. ಆ ಕಪ್ಪು ಗಾಜಿನೊಳಗೆ ಒಂದು ಮುಖ ಇತ್ತು. ಬಾಡಿದ ಮುಖ, ನರೆತ ಕೂದಲು, ಹಣೆಗೆ ಬೆಳ್ಳಿ ಕಣ್ಣು. ತಾಯಿ ತನ್ನನ್ನೇ ನೋಡ್ತಿದ್ದಾಳೆ ಅಂದುಕೊಂಡಳು. ಅದು ತನ್ನದೇ ಮುಖ ಅಂತ ತಿಳಿಯೋಕೆ ಸ್ವಲ್ಪ ಹೊತ್ತು ಹಿಡೀತು. ತಿಳಿದ ಮೇಲೂ ಮುಗಿದ ಕೈ ಇಳಿಸೋಕೆ ಆಗಲಿಲ್ಲ. ಆಮೇಲೆ ಕಣ್ಣಿನ ಗುರುತು ಹತ್ತಿತು.

"ಲೋ ಪಾತಾ! ಇದು ನನ್ ಹರಕೆ ಕಣ್ಣಲ್ವೇನ್ಲಾ?"

"ಹೂಂ ಕಣವ್ವ. ಒಂದು ಕಣ್ಣಿಡು ಅಂದ್ರು. ಇನ್ನೊಂದು ಗಡಿಗೇಲೇ ಐತೆ."

ನಮಾಜು ಮುಗಿಸಿ ಬಂದ ದಸ್ತಗೀರ್ ಸಾಬರಿಗೆ ತಮ್ಮ ಶೆಡ್ಡಿಗೆ ತಾವೇ ಸಾಲಿನಲ್ಲಿ ನಿಂತು ಬರಬೇಕಾಯ್ತು. ಯಾರೋ ಅರ್ಧ ಹೋಳು ಕಾಯಿ ಕೈಗಿಟ್ಟರು. ವಿಷಯ ತಿಳಿದು, "ಕಣ್ಣಿಡು ಅಂದ್ರೆ ನೋಡ್ಕೋ ಅಂತ ಕಣೋ!" ಅಂದರು. ಆದರೆ ಮೆಲ್ಲಗೆ ಅಂದರು. ಅಷ್ಟು ಜನ ಕೈ ಮುಗಿದ ಜಾಗದಲ್ಲಿ ಗಟ್ಟಿಯಾಗಿ ಬೈಯೋಕೆ ಅವರಿಗೂ ಬಾಯಿ ಬರಲಿಲ್ಲ. ಸಣ್ಣೀರಮ್ಮ ತಪ್ಪಾಯ್ತು ತಾಯೀ ಅಂತ ಕೆನ್ನೆ ಬಡಿದುಕೊಂಡು ಕಣ್ಣು ಬಿಡಿಸಿದಳು. ಜನ ತೀರ್ಥ ಇಲ್ಲದಿದ್ದರೆ ಹೋಗಲಿ ಅಂತ ಹೊನ್ನಕ್ಕನ ಮಜ್ಜಿಗೆ ಕುಡಿದು ಹೋದರು.

"ಕಡೇ ಮಾತು ಹೇಳ್ತೀನಿ ಕೇಳು" ಅಂದರು ಸಾಬರು. "ಕಿವೀಲಿ ಕೇಳು! ನಾಳೆ ಬೆಳಿಗ್ಗೆ ಗಾಡಿ ಹೊರಡುತ್ತೆ. ಈ ನಾಲ್ಕು ಬೋಲ್ಟು ತಗೋ. ನಾಲ್ಕನ್ನೂ ಭದ್ರ ಮಾಡು. ಒಂದೂ ಬೀಳಬಾರದು. ಆಮೇಲೆ, ಗಾಡಿ ಓಡುವಾಗ ಟಿವಿ ಪಕ್ಕದಲ್ಲೇ ನಿಂತು ಹಿಡ್ಕೊಂಡಿರು. ಏನೇ ಆಗಲಿ, ಕೈ ಬಿಡಬೇಡ."

"ನಾಲ್ಕನ್ನೂ ಭದ್ರ ಮಾಡ್ತೀನಿ. ಕೈ ಬಿಡಲ್ಲ."

ಶನಿವಾರ ಮೇಡಮ್ಮು ಬಂದರು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೇರಿಂಗ್ ಮುಂದೆ ಕೂತರು. ಪಕ್ಕದಲ್ಲಿ ಸಾಬರು ಕೂತರು. "ಬೋಲ್ಟು ಭದ್ರಾನೇನೋ?" ಅಂತ ಕೂಗಿದರು. "ಭದ್ರವಾಗವೆ ಸಾಬ್ರೇ!" ಅಂತ ಹಿಂದಿನಿಂದ ಪಾತಲಿಂಗ ಕೂಗಿದ. ಎರಡು ಕೈಯಲ್ಲೂ ಟಿವಿ ಹಿಡಿದು, ಕಾಲು ಅಗಲಿಸಿ ನಿಂತಿದ್ದ. "ನೀವೂ ಹತ್ತಿ ಸಣ್ಣೀರಮ್ಮ" ಅಂದರು ಮೇಡಮ್ಮು. ಸಣ್ಣೀರಮ್ಮ ಮಂಚದ ತುದೀಲಿ ಮುದುಡಿ ಕೂತಳು.

ಮನೆ ಹೊರಟಿತು. ಮನೆ ಹೊರಡೋದನ್ನ ನೀವು ಒಳಗೆ ಕೂತು ನೋಡಿದ್ದೀರಾ? ಒಲೆ ಬರ್ತಿದೆ, ಬಚ್ಚಲು ಬರ್ತಿದೆ, ಕಿಟಕೀಲಿ ಹಟ್ಟಿ ಹಿಂದಕ್ಕೆ ಹೋಗ್ತಿದೆ. ಹುಣಸೆ ಮರ ಹೋಯ್ತು, ಕೆರೆ ಏರಿ ಹೋಯ್ತು, ಗುಡ್ಡ ಕೂಡ ಸ್ವಲ್ಪ ಸ್ವಲ್ಪ ಸರೀತು. ಹುಟ್ಟಿದಾಗಿನಿಂದ ಒಂದೇ ಕಡೆ ನಿಂತಿದ್ದ ಗುಡ್ಡ! ಸಣ್ಣೀರಮ್ಮನ ಕಣ್ಣಲ್ಲಿ ನೀರು ತಾನಾಗಿ ಬಂತು. ದುಃಖಕ್ಕಲ್ಲ, ಅಷ್ಟೊಂದನ್ನ ಒಟ್ಟಿಗೆ ನೋಡಿ ಅಭ್ಯಾಸ ಇರಲಿಲ್ಲ.

ಬೇಕಂತಲೇ ಕೆಟ್ಟ ದಾರಿ ಹಿಡಿಸಿದ್ದರು ಸಾಬರು. ಮೊದಲನೇ ಗುಂಡಿ ಬಂತು. ಧಡ್! ಟಿವಿ ಹಿಂದೆ ಏನೋ ಕಟಕ್ ಅಂತು. ಎರಡನೇ ಗುಂಡಿ, ಧಡ್! ಪಾತ್ರೆ ಹಾರಿತು, ದಿಂಬು ಹಾರಿತು, ಸಣ್ಣೀರಮ್ಮನೇ ಗೇಣುದ್ದ ಹಾರಿ ಕೂತಳು. ಟಿವಿ ಅಲುಗಲಿಲ್ಲ. ಹಳ್ಳ ಇಳೀತು, ದಿಬ್ಬ ಹತ್ತಿತು. ಟಿವಿ ಅಲುಗಲಿಲ್ಲ. ಇಪ್ಪತ್ತು ಮೈಲಿ ಹೋಯ್ತು, ಇಪ್ಪತ್ತು ಮೈಲಿ ಬಂತು. ಟಿವಿ ಅಲುಗಲಿಲ್ಲ. ಮಗನ ಬೆನ್ನ ಮೇಲೆ ಬೆವರು ಕಾಲುವೆ ಹರೀತಿತ್ತು.

"ಸುಸ್ತಾತೇನ್ಲಾ?"

"ಹೂಂ ಕಣವ್ವ."

"ಒಂಚೂರು ಕುಂತ್ಕಳಲಾ."

"ಕುಂತ್ರೆ ಕೈ ಬುಡ್ಬೇಕಲ್ಲವ್ವ."

ಗಾಡಿ ಶೆಡ್ಡಿಗೆ ವಾಪಸ್ಸು ಬಂದು ನಿಂತಿತು. ಮೇಡಮ್ಮು ಹಿಂದೆ ಬಂದು ನೋಡಿದರು. "ಭೇಷ್! ನಿಂತಿದೆ!" ಅಂದರು. ಸಣ್ಣೀರಮ್ಮನ ಜೀವ ಟಿವಿಯಿಂದ ಇಳಿದು ಮೈಗೆ ಬಂತು. ಟಿವಿ ನಿಂತಿತು, ಮಗ ನಿಂತ!

ಸಾಬರು ಬಗ್ಗಿ ಟಿವಿ ಕೆಳಗೆ ಕೈಯಾಡಿಸಿದರು. ಕೈ ಖಾಲಿ ತೂತಿಗೆ ಹೋಯ್ತು. ಇನ್ನೊಂದು ತೂತು ಮುಟ್ಟಿದರು, ಅದೂ ಖಾಲಿ. ಹಿಂದೆ ಇಣುಕಿದರೆ ಕೊಕ್ಕೆಗಳು ಕಳಚಿ ನೇತಾಡುತ್ತಿದ್ದವು. "ಲೋ... ಬೋಲ್ಟು ಎಲ್ಲೋ?"

"ಸೊಂಟದಾಗೆ ಸಾಬ್ರೇ. ಟವೆಲ್ಲಿಗೆ ಗಂಟು ಹಾಕಿ ಕಟ್ಕಂಡಿವ್ನಿ. ನಾಲ್ಕೂ ಭದ್ರವಾಗವೆ. ಒಂದೂ ಬಿದ್ದಿಲ್ಲ."

 ಮೇಡಮ್ಮು ಕನ್ನಡಕ ತೆಗೆದರು. ಸಾಬರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಮೊದಲನೇ ಗುಂಡಿಯಿಂದ ಇಲ್ಲಿಯವರೆಗೆ ಆ ಟಿವಿ ಗೋಡೆ ಮೇಲೆ ಇರಲೇ ಇಲ್ಲ. ಕಂಬ ಇಲ್ಲ, ಕೊಕ್ಕೆ ಇಲ್ಲ, ಬೋಲ್ಟಿಲ್ಲ. ಅಷ್ಟು ಹಳ್ಳ ದಿಣ್ಣೆಯಲ್ಲಿ, ಅಷ್ಟು ಭಾರಾನ, ಒಂದು ನೂಲು ವಾಲದ ಹಾಗೆ ಹೊತ್ತು ನಿಂತಿದ್ದವನು ಇವನು. ಈಗಲೂ ಹೊತ್ತೇ ನಿಂತಿದ್ದ. ತೋಳು ಮಾತ್ರ ಗಾಳಿಗೆ ಸಿಕ್ಕ ಎಲೆ ಥರ ನಡುಗುತ್ತಿತ್ತು.

ಹೆತ್ತ ಕರುಳು ತಡೆಯಲಿಲ್ಲ. ಇಪ್ಪತ್ತೆಂಟು ವರ್ಷ ಪೆದ್ದ ಪೆದ್ದ ಅಂತ ಅತ್ತವಳಿಗೆ ಮೊದಲನೇ ಸಲ ಮಗನ ಮುಂದೆ ತಾನೇ ಚಿಕ್ಕವಳು ಅನ್ನಿಸಿತು. ಸಾಬರು ಟಿವಿಗೆ ಕೈ ಕೊಡೋಕೆ ಅಂತ ಒಂದು ಹೆಜ್ಜೆ ಮುಂದಿಟ್ಟಿದ್ದರು, ಅಷ್ಟೆ. ಅಷ್ಟರಲ್ಲಿ ಸಣ್ಣೀರಮ್ಮ ಬಾಯಿ ಬಿಟ್ಟಳು.

"ಸಾಕು ಕಣೋ ನನ್ನಪ್ಪಾ! ಬುಡೋ ಕೈನ!"

ಅವ್ವ ಹೇಳಿದಳು. ಬಿಟ್ಟ.

ಧಡಾರ್!

ಗಾಜು ಮಂಚದ ಕೆಳಗೂ ಹೋಯ್ತು, ಒಲೆ ಕೆಳಗೂ ಹೋಯ್ತು. ಸಾಬರು ಚಾಚಿದ ಕೈ ಚಾಚಿದ ಹಾಗೇ ಇತ್ತು. ಸಣ್ಣೀರಮ್ಮ ಬಾಯಿ ಬಡಿದುಕೊಂಡಳು. ಟಿವಿ ಬಿದ್ದರೆ ಇವನೂ ಬಿದ್ದ! ಬೀಳಿಸಿದ್ದು ಯಾರು? ತಾನೇ, ತನ್ನ ಬಾಯಿ! "ತಾಯೀ, ನನ್ ಮಗಂದಲ್ಲ, ನನ್ ತಪ್ಪು, ನನ್ ನಾಲಿಗೆ ಸೇದೋಗ" ಅಂತ ಮೇಡಮ್ಮೋರ ಕಾಲು ಹಿಡಿಯೋಕೆ ಹೋದಳು.

ಮೇಡಮ್ಮು ಅವಳನ್ನ ಎತ್ತಿ ನಿಲ್ಲಿಸಿದರು. ಅವರ ಕಣ್ಣು ಗಾಜಿನ ಮೇಲಿರಲಿಲ್ಲ, ಪಾತಲಿಂಗನ ಮೇಲಿತ್ತು. "ಮೂವತ್ತೈದು ವರ್ಷ ಪಾಠ ಹೇಳಿದ್ದೀನಿ ಸಣ್ಣೀರಮ್ಮ. ಹೇಳಿದ್ದನ್ನ ಹೇಳಿದ ಹಾಗೆ ಮಾಡಿದ ಒಬ್ಬ ಶಿಷ್ಯನ್ನ ಇವತ್ತೇ ಕಂಡಿದ್ದು. ಧಾರಾವಾಹಿ ಹೋದರೆ ಹೋಗಲಿ, ಅದರಲ್ಲಿ ಅತ್ತೆ ಸೊಸೆ ಇನ್ನೂ ಹತ್ತು ವರ್ಷ ಜಗಳ ಆಡ್ತಾರೆ. ಇವನನ್ನ ನಾನು ಕರ್ಕೊಂಡು ಹೋಗ್ತೀನಿ" ಅಂದರು. ಪಾತಲಿಂಗನ ಕಡೆ ತಿರುಗಿದರು. "ನಾಳೆ ಬೆಳಿಗ್ಗೆ ಆರಕ್ಕೆ ಬಂದುಬಿಡಪ್ಪಾ, ಹೊರಡೋಣ. ಒಂದು ಮಾತು ನೆನಪಿರಲಿ. ಕೆಲಸ ಸಿಕ್ಕಿತು, ದೇಶ ನೋಡಿದೆ ಅಂತ ನಿಮ್ಮವ್ವನ ಕೈ ಮಾತ್ರ ಬಿಡಬೇಡ."

"ಬುಡಲ್ಲ ಮೇಡಮ್ಮೋರೇ" ಅಂದ ಪಾತಲಿಂಗ. ಎಡಗೈ ಚಾಚಿ ಅವ್ವನ ಬಲಗೈ ಹಿಡಿದುಕೊಂಡ.

ಹಿಡಿದುಕೊಂಡೇ ರಸ್ತೆ ದಾಟಿದ. ಹಿಡಿದುಕೊಂಡೇ ಮನೆ ಹೊಕ್ಕ. ಒಲೆ ಉರಿ ಹಾಕೋವಾಗಲೂ ಹಿಡಿದಿದ್ದ, ಮುದ್ದೆ ತೊಳಸೋವಾಗ ಒಂದು ಕೈ ಅವಳದು, ಒಂದು ಕೈ ಇವನದು. ಉಣ್ಣೋಕೆ ಕೂತರೆ ಅವಳಿಗೆ ಬಲಗೈ ಇಲ್ಲ. ಪಾತಲಿಂಗ ಮುದ್ದೆ ಮುರಿದು, ಸಾರಿಗೆ ಅದ್ದಿ, ಅವ್ವನ ಬಾಯಿಗಿಟ್ಟ. ಅವಳಿಗೆ ನಗು ಬಂತು, ಅಳೂನೂ ಬಂತು. ಬಿಡೋ ಅಂತ ಒಂದು ಮಾತು ಹೇಳಿದ್ದರೆ ಬಿಟ್ಟುಬಿಡ್ತಿದ್ದ. ಅದೇ ಅವಳ ಭಯ. ಬಿಡು ಅಂದರೆ ಏನಾಗುತ್ತೆ ಅಂತ ಅವತ್ತೇ ನೋಡಿದ್ದಳಲ್ಲ. ಆ ಮಾತನ್ನ ಅವಳು ಆಡಲೇ ಇಲ್ಲ.

ಬೆಳಿಗ್ಗೆ ಆರು ಗಂಟೆಗೆ ಮನೆಗಾಡಿಯ ಬಾಗಿಲ ಮುಂದೆ ಇಬ್ಬರು ನಿಂತಿದ್ದರು. ಮಗನ ಹೆಗಲಿಗೆ ಎರಡು ಗಂಟು, ಅವ್ವನ ತಲೆಗೆ ಒಂದು ಗಡಿಗೆ. ಮೇಡಮ್ಮು ಬಾಗಿಲು ತೆಗೆದು ಕನ್ನಡಕ ಏರಿಸಿಕೊಂಡು ನೋಡಿದರು.

"ಏನು ಸಣ್ಣೀರಮ್ಮ, ನೀವೂ ಬಂದುಬಿಟ್ಟಿರಾ?"

"ನಾನೆಲ್ ಬಂದೆ ತಾಯೀ?" ಅಂದಳು ಸಣ್ಣೀರಮ್ಮ. "ನನ್ ಕೈ ಬಂತು. ಒಂದನ್ನೇ ಹೆಂಗ್ ಕಳ್ಸೋದು ಅಂತ ನಾನೂ ಅದ್ರ ಹಿಂದೆ ಬಂದೆ."